ಮುಹೂರ್ತ ಕೇಳದ ಕಾಂಕ್ರೀಟು

ನಮ್ಮ ದೊಡ್ಡಪ್ಪ ಹಾಸನದಲ್ಲಿ ಮನೆ ಕಟ್ಟಿಸುತ್ತಿದ್ದ ಕಾಲ. ನಾನಾಗ ಇಂಜಿನಿಯರಿಂಗ್ ಕಾಲೇಜಿನ ಎರಡನೇ ವರ್ಷದಲ್ಲಿದ್ದೆ. ರಜೆಗೆಂದು ಹೋದವನು ಓಡಾಟಕ್ಕೆ ಒಬ್ಬ ಹುಡುಗ ಬೇಕೆಂದು ಅಲ್ಲೇ ಉಳಿದುಕೊಂಡಿದ್ದೆ. ಮರಳು ಸಿಗದೆ ಕೆಲಸ ಒಂದು ತಿಂಗಳು ಹಿಂದೆ ಬಿದ್ದಿತ್ತು. ನಡುಮನೆಯ ಮೇಲೆ ಮೋಲ್ಡ್ ಹಾಕುವ ಹೊತ್ತಿಗೆ ಗೃಹಪ್ರವೇಶಕ್ಕೆ ಉಳಿದಿದ್ದು ಬರೀ ಹನ್ನೆರಡು ದಿನ. ಆ ಮುಹೂರ್ತ ಬಿಟ್ಟರೆ ಮುಂದೆ ಆಷಾಢ, ಅದು ಕಳೆದರೆ ಅಕ್ಕನ ಹೆರಿಗೆ. ಕರೆಯೋಲೆ ಅಚ್ಚಾಗಿತ್ತು, ಅಡುಗೆ ಭಟ್ಟರಿಗೆ ಮುಂಗಡ ಹೋಗಿತ್ತು.

ಹತ್ತನೇ ದಿನ ಬೆಳಿಗ್ಗೆ ಮೇಸ್ತ್ರಿ ಸೆಂಟ್ರಿಂಗ್ ಬಿಚ್ಚಲು ಆಳುಗಳನ್ನು ಕರೆದುಕೊಂಡು ಬಂದ. ಅದೇ ಹೊತ್ತಿಗೆ ಮನೆಯ ಇಂಜಿನಿಯರ್ ಸ್ಕೂಟರಿನಲ್ಲಿ ಬಂದಿಳಿದರು. ಮೂವತ್ತು ದಾಟಿರದ ವಯಸ್ಸು. ಒಳಗೆ ಬಂದವರೇ ನಡುಮನೆಗೆ ಅಡ್ಡವಾಗಿ ಹಾದಿದ್ದ ಬೀಮಿನ ಕೆಳಗಿನ ನೀಲಗಿರಿ ಕಂಬವೊಂದರ ಮೇಲೆ ಕೈಯಿಟ್ಟು ನಿಂತರು.

‘ಇವನ್ನ ಮುಟ್ಟೋ ಹಾಗಿಲ್ಲ ಯಜಮಾನ್ರೇ. ಈ ಬೀಮು ಇಪ್ಪತ್ತೆರಡು ಅಡಿ ಇದೆ. ಇಪ್ಪತ್ತೊಂದು ದಿನ ಕಂಬ ನಿಲ್ಲಬೇಕು.’

‘ಹತ್ತು ದಿನಕ್ಕೇ ಎಷ್ಟೋ ಮನೆ ಬಿಚ್ಚಿದೀನಿ ಸಾರ್, ಒಂದೂ ಬಿದ್ದಿಲ್ಲ’ ಎಂದ ಮೇಸ್ತ್ರಿ.

ದೊಡ್ಡಪ್ಪನ ಮುಖ ಕೆಂಪಾಯಿತು. ‘ಮುಹೂರ್ತ ಇಟ್ಟಾಗಿದೆ ಕಣಪ್ಪ. ಮುನ್ನೂರು ಜನ ಬರ್ತಾರೆ. ನಡುಮನೆ ತುಂಬ ಕಂಬ ನಿಲ್ಲಿಸ್ಕೊಂಡು ಬಂದವರನ್ನ ಎಲ್ಲಿ ಕೂರಿಸಲಿ?’

ಇಂಜಿನಿಯರ್ ದನಿ ಏರಿಸಲಿಲ್ಲ. ‘ಮುಹೂರ್ತ ಮುಂದಕ್ಕೆ ಹಾಕಿ ಅಂತ ನಾನು ಹೇಳ್ತಿಲ್ಲ. ಅದು ನಿಮಗೆ ಬಿಟ್ಟಿದ್ದು. ಈ ಬೀಮು ಯಾವತ್ತು ತನ್ನ ಭಾರ ತಾನು ಹೊರುತ್ತೆ ಅನ್ನೋದಷ್ಟೇ ನನಗೆ ಬಿಟ್ಟಿದ್ದು. ಕಂಬ ತೆಗೀಬೇಡಿ, ಮೇಲೆ ಜನ ಹತ್ತಿಸಬೇಡಿ, ಟ್ಯಾಂಕಿಗೆ ನೀರು ತುಂಬಿಸಬೇಡಿ. ಇಷ್ಟು ಬಿಟ್ಟು ಬಾಕಿ ಏನು ಬೇಕಾದರೂ ಮಾಡ್ಕೊಳಿ.’

ಕಾಲು ಗಂಟೆ ದೊಡ್ಡಪ್ಪ ಯಾರೊಂದಿಗೂ ಮಾತಾಡಲಿಲ್ಲ. ಆಮೇಲೆ ಶುರುವಾಯಿತು ನೋಡಿ ಅವರ ಕೆಲಸ. ಪಕ್ಕದ ಖಾಲಿ ಸೈಟಿನ ಮಾಲೀಕರಿಗೆ ಫೋನ್ ಮಾಡಿ ಊಟದ ಪಂಕ್ತಿಗೆ ಜಾಗ ಕೇಳಿದರು. ಶಾಮಿಯಾನದವನನ್ನು ಕರೆಸಿದರು. ಪುರೋಹಿತರನ್ನು ಕೇಳಿ ಹೋಮವನ್ನು ಮುಂದಿನ ಕೋಣೆಗೆ ಬದಲಾಯಿಸಿದರು. ಮೇಸ್ತ್ರಿಯ ಆಳುಗಳಿಗೆ ಅಂದಿನ ಕೂಲಿ ಕೊಟ್ಟು, ಅವರನ್ನೇ ಕಾಂಪೌಂಡಿನ ಕೆಲಸಕ್ಕೆ ಹಚ್ಚಿದರು. ದೊಡ್ಡಮ್ಮ ನಡುಮನೆಯ ಒಂದೊಂದು ಕಂಬಕ್ಕೂ ಬಾಳೆಕಂದು ಕಟ್ಟಿಸಿದರು. ಬಂದವರಲ್ಲಿ ಅನೇಕರು ಅದೇನೋ ವಿಶೇಷ ಅಲಂಕಾರವೆಂದೇ ತಿಳಿದುಕೊಂಡರು.

ಆರು ಮೀಟರಿಗಿಂತ ಉದ್ದದ ಬೀಮಿಗೆ 21 ದಿನ ಆಸರೆ ಇರಬೇಕೆಂಬುದು ಆ ಇಂಜಿನಿಯರರ ಸ್ವಂತ ಲೆಕ್ಕವೇನಲ್ಲ. ನಮ್ಮ ದೇಶದ ಕಾಂಕ್ರೀಟ್ ಕೆಲಸಕ್ಕೆಲ್ಲ ಆಧಾರವಾದ ಐಎಸ್ 456 ಎಂಬ ಮಾನಕ ಸಂಹಿತೆಯಲ್ಲೇ ಅದಿದೆ. ಕಾಂಕ್ರೀಟಿನ ಶಕ್ತಿಯನ್ನು 28ನೇ ದಿನಕ್ಕೆ ಲೆಕ್ಕ ಹಾಕುತ್ತಾರೆ. ಹತ್ತನೇ ದಿನ ಗಟ್ಟಿಯಾದಂತೆ ಕಂಡರೂ ಒಳಗೆ ಸಿಮೆಂಟು ಮತ್ತು ನೀರಿನ ಕೆಲಸ ಇನ್ನೂ ನಡೆಯುತ್ತಿರುತ್ತದೆ. ಆ ದಿನ ನನ್ನ ಮನಸ್ಸಿನಲ್ಲಿ ಉಳಿದಿದ್ದು ಈ ಅಂಕಿಗಳಿಗಿಂತ ಹೆಚ್ಚಾಗಿ ಆ ಇಬ್ಬರು ಕೆಲಸ ಹಂಚಿಕೊಂಡ ಬಗೆ. ಯಾವುದು ಕದಲುವುದಿಲ್ಲ ಎಂದು ಒಬ್ಬರು ಹೇಳಿದರು. ಉಳಿದಿದ್ದನ್ನೆಲ್ಲ ಕದಲಿಸಿ ಇನ್ನೊಬ್ಬರು ದಾರಿ ಮಾಡಿದರು. ಮುಂದೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಹನ್ನೊಂದು ವರ್ಷ ಇಂಜಿನಿಯರಾಗಿ, ಆಮೇಲೆ ಮ್ಯಾನೇಜರಾಗಿ ದುಡಿದಾಗ ನಾನು ಎಷ್ಟೋ ಪುಸ್ತಕ ಓದಿದೆ, ಎಷ್ಟೋ ತರಬೇತಿಗೆ ಹೋದೆ. ಈ ಎರಡು ಹುದ್ದೆಗಳ ವ್ಯತ್ಯಾಸವನ್ನು ಆ ನಡುಮನೆಗಿಂತ ಚೆನ್ನಾಗಿ ಯಾರೂ ಹೇಳಿಕೊಡಲಿಲ್ಲ.

ಇಂಜಿನಿಯರನ ಎದುರಿಗಿರುವುದು ಒಂದು ವಸ್ತು. ಅದು ಬೀಮು ಇರಬಹುದು, ಟ್ರಾನ್ಸ್‌ಫಾರ್ಮರ್ ಇರಬಹುದು, ಹತ್ತು ಸಾವಿರ ಸಾಲಿನ ಪ್ರೋಗ್ರಾಮ್ ಇರಬಹುದು. ವಸ್ತುವಿಗೆ ದಾಕ್ಷಿಣ್ಯ ತಿಳಿಯದು, ಗಡುವು ತಿಳಿಯದು. ಮ್ಯಾನೇಜರನ ಎದುರಿಗಿರುವುದು ಜನ, ದುಡ್ಡು ಮತ್ತು ತಾರೀಖು. ಇವು ಮಾತಿಗೆ ಬಗ್ಗುತ್ತವೆ, ಆದರೆ ಅಳತೆಗೆ ಸಿಗುವುದಿಲ್ಲ. ಅರ್ಧಂಬರ್ಧ ತಿಳಿವಳಿಕೆಯಲ್ಲೇ ಅವನು ತೀರ್ಮಾನ ಮಾಡಬೇಕು. ಎಲ್ಲ ತಿಳಿಯುವವರೆಗೆ ಕಾಯುತ್ತೇನೆಂದರೆ ಮುಹೂರ್ತ ದಾಟಿಹೋಗುತ್ತದೆ. ಇಬ್ಬರ ದಿನಚರಿಯೂ ಬೇರೆ. ಇಂಜಿನಿಯರನಿಗೆ ಯಾರೂ ಮಾತಾಡಿಸದ ಮೂರು ಗಂಟೆ ಸಿಕ್ಕರೆ ಅದೇ ದೊಡ್ಡ ಆಸ್ತಿ. ಮ್ಯಾನೇಜರನ ದಿನ ಅರ್ಧರ್ಧ ಗಂಟೆಯ ತುಂಡುಗಳಲ್ಲಿ ಕಳೆಯುತ್ತದೆ, ಮಾತಾಡಿಸುವುದೇ ಅವನ ಕೆಲಸ. ‘ಬರೀ ಮೀಟಿಂಗ್ ಮಾಡ್ತಾನೆ’ ಎಂದು ಇಂಜಿನಿಯರನೂ, ‘ಬರೀ ತೊಡಕು ಹೇಳ್ತಾನೆ’ ಎಂದು ಮ್ಯಾನೇಜರನೂ ಒಬ್ಬರನ್ನೊಬ್ಬರು ತಪ್ಪು ತಿಳಿಯುವುದು ಹೆಚ್ಚಾಗಿ ಈ ಕಾರಣಕ್ಕೆ.

ತಪ್ಪು ತಿಳಿದುಕೊಂಡರೆ ಮನಸ್ತಾಪವಾದೀತು, ಅಷ್ಟೇ. ಒಬ್ಬನ ಕುರ್ಚಿಯಲ್ಲಿ ಇನ್ನೊಬ್ಬನನ್ನು ಕೂರಿಸಿ ಉತ್ತರ ಕೇಳಿದಾಗ ಏನಾಗುತ್ತದೆ ಎಂಬುದಕ್ಕೆ ಜಗತ್ತಿನಲ್ಲೇ ಅತಿ ಹೆಚ್ಚು ಚರ್ಚೆಯಾದ ಒಂದು ರಾತ್ರಿಯಿದೆ. 1986ರ ಜನವರಿ 27.

ಮರುದಿನ ಬೆಳಿಗ್ಗೆ ಅಮೆರಿಕದ ಫ್ಲಾರಿಡಾದಿಂದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಬೇಕಿತ್ತು. ನೌಕೆಯ ಎರಡು ಪಕ್ಕಗಳಲ್ಲಿ ಘನ ಇಂಧನದ ಬೂಸ್ಟರ್‌ಗಳು. ಅವುಗಳನ್ನು ತಯಾರಿಸಿದ್ದು ಯೂಟಾ ರಾಜ್ಯದ ಮಾರ್ಟನ್ ಥಿಯೋಕಾಲ್ ಕಂಪನಿ. ಬೂಸ್ಟರನ್ನು ತುಂಡು ತುಂಡಾಗಿ ತಂದು ಒಂದರ ಮೇಲೊಂದು ಜೋಡಿಸುತ್ತಿದ್ದರು. ಜೋಡಿಸಿದ ಕೀಲಿನಲ್ಲಿ ಒಳಗಿನ ಬಿಸಿ ಅನಿಲ ಹೊರನುಗ್ಗದಂತೆ ತಡೆಯಲು ರಬ್ಬರಿನ ಎರಡು ಉಂಗುರಗಳು. ಓ-ರಿಂಗ್ ಎಂದು ಹೆಸರು. ನಮ್ಮ ಕುಕ್ಕರ್ ಮುಚ್ಚಳದ ರಬ್ಬರಿನ ಕೆಲಸವೇ ಅದರದ್ದು, ಆದರೆ ಉಂಗುರದ ಅಡ್ಡಳತೆ ಸುಮಾರು 12 ಅಡಿ, ದಪ್ಪ ಕಾಲು ಇಂಚಿಗಿಂತ ತುಸು ಹೆಚ್ಚು. ಬೂಸ್ಟರ್ ಹೊತ್ತಿಕೊಂಡ ಕ್ಷಣದಲ್ಲಿ ಕೀಲು ತುಸು ಬಿಚ್ಚಿಕೊಳ್ಳುತ್ತದೆ. ರಬ್ಬರು ಆಗ ಕಣ್ಣು ಮಿಟುಕಿಸುವುದರೊಳಗೆ ಉಬ್ಬಿ ಸಂದನ್ನು ಮುಚ್ಚಬೇಕು. ಚಳಿಯಲ್ಲಿ ರಬ್ಬರು ಗಡುಸಾಗುತ್ತದೆ, ಉಬ್ಬುವುದು ತಡವಾಗುತ್ತದೆ.

ಇದು ಥಿಯೋಕಾಲ್‌ನ ಇಂಜಿನಿಯರ್ ರೋಜರ್ ಬೋಜೊಲೆಗೆ ಒಂದು ವರ್ಷದಿಂದ ಗೊತ್ತಿತ್ತು. 1985ರ ಜನವರಿಯಲ್ಲಿ ಚಳಿಯ ದಿನ ಹಾರಿದ ನೌಕೆಯೊಂದರ ಬೂಸ್ಟರನ್ನು ಸಮುದ್ರದಿಂದ ಎತ್ತಿ ಬಿಚ್ಚಿದಾಗ, ಎರಡು ಉಂಗುರಗಳ ನಡುವಿನ ಗ್ರೀಸು ಕಪ್ಪಾಗಿತ್ತು. ಅಂದರೆ ಮೊದಲ ಉಂಗುರವನ್ನು ದಾಟಿ ಅನಿಲ ನುಗ್ಗಿತ್ತು. ಆ ದಿನ ಕೀಲಿನ ಉಷ್ಣಾಂಶ ಸುಮಾರು 12 ಡಿಗ್ರಿ ಸೆಲ್ಸಿಯಸ್. ಇದನ್ನು ಸರಿಪಡಿಸದಿದ್ದರೆ ಜೀವಹಾನಿಯಾಗುವ ಅನಾಹುತ ಕಾದಿದೆ ಎಂದು ಬೋಜೊಲೆ ಅದೇ ವರ್ಷ ಜುಲೈ 31ರಂದು ಮೇಲಿನವರಿಗೆ ಲಿಖಿತವಾಗಿ ತಿಳಿಸಿದ್ದರು. ಈಗ ಹವಾಮಾನ ವರದಿ ನೀರು ಹೆಪ್ಪುಗಟ್ಟುವ ಚಳಿಯನ್ನು ಹೇಳುತ್ತಿತ್ತು.

ಆ ರಾತ್ರಿ ಯೂಟಾ, ಅಲಬಾಮಾ, ಫ್ಲಾರಿಡಾ ಮೂರು ಕಡೆಯವರು ಫೋನಿನಲ್ಲಿ ಸಭೆ ಸೇರಿದರು. ಕೆಲವೇ ಗಂಟೆಗಳಲ್ಲಿ ಅವಸರದಿಂದ ಬರೆದ ಹಾಳೆಗಳನ್ನು ಥಿಯೋಕಾಲ್ ಫ್ಯಾಕ್ಸ್ ಮಾಡಿತು. 12 ಡಿಗ್ರಿಗಿಂತ ಕೆಳಗೆ ಹಾರಿಸಬೇಡಿ ಎಂದು ಇಂಜಿನಿಯರುಗಳು ಹೇಳಿದರು, ಕಂಪನಿಯೂ ಮೊದಲು ಅದನ್ನೇ ಹೇಳಿತು. ನಾಸಾ ಅಧಿಕಾರಿಗಳಿಗೆ ಇದು ಹಿಡಿಸಲಿಲ್ಲ. ಅವರ ಆಕ್ಷೇಪದಲ್ಲಿ ಹುರುಳಿಲ್ಲದೆಯೂ ಇರಲಿಲ್ಲ. ಹಿಂದಿನ ಅಕ್ಟೋಬರ್‌ನಲ್ಲಿ 24 ಡಿಗ್ರಿಯ ಬೆಚ್ಚನೆಯ ದಿನವೂ ಅನಿಲ ಸೋರಿತ್ತು. ಹಾಗಿದ್ದ ಮೇಲೆ ಚಳಿಯೇ ಕಾರಣವೆಂದು ಹೇಗೆ ಹೇಳುತ್ತೀರಿ ಎಂದು ಕೇಳಿದರು. ಚಳಿಯ ದಿನದ ಸೋರಿಕೆ ಎಷ್ಟೋ ಪಾಲು ಕೆಟ್ಟದಾಗಿತ್ತೆಂದು ಬೋಜೊಲೆ ಕಣ್ಣಾರೆ ಕಂಡಿದ್ದರು. ಆದರೆ ಅದನ್ನು ಅಂಕಿಯಲ್ಲಿ ಹೇಳಿ ಎಂದಾಗ ಅವರ ಬಳಿ ಅಂಕಿ ಇರಲಿಲ್ಲ. ಆವರೆಗೆ ಹಾರಿದ ಎಲ್ಲ ನೌಕೆಗಳ ಉಷ್ಣಾಂಶವನ್ನೂ ಉಂಗುರಗಳಿಗಾದ ಹಾನಿಯನ್ನೂ ಒಂದೇ ಚಿತ್ರದಲ್ಲಿ ಎದುರುಬದುರು ಇಟ್ಟು ತೋರಿಸಿದ ಹಾಳೆ ಅಂದಿನ ಕಟ್ಟಿನಲ್ಲಿ ಇರಲಿಲ್ಲ. ಅಂಥದೊಂದು ಚಿತ್ರ ಇದ್ದಿದ್ದರೆ ಚಳಿಯ ಪಾತ್ರ ಒಂದು ನೋಟಕ್ಕೆ ಕಾಣುತ್ತಿತ್ತೆಂದು ಆಮೇಲೆ ಹಲವರು ಹೇಳಿದರು. ಎಲ್ಲ ಮುಗಿದ ಮೇಲೆ ಹೇಳುವುದು ಸುಲಭ ಎಂದು ನನಗನ್ನಿಸುತ್ತದೆ. ಆದರೂ ನಮ್ಮ ಇಂಜಿನಿಯರುಗಳು ಇದರಿಂದ ಕಲಿಯುವುದಿದೆ. ನನಗೆ ಗೊತ್ತು ಎಂದರೆ ಸಾಲದು, ಎದುರಿನವರಿಗೆ ಕಾಣಿಸುವ ಹಾಗೆ ಇಡುವುದೂ ಇಂಜಿನಿಯರನ ಕೆಲಸದೊಳಗೇ ಸೇರಿದೆ.

ಥಿಯೋಕಾಲ್‌ನವರು ಐದು ನಿಮಿಷ ಕೊಡಿ ಎಂದು ಫೋನಿನ ದನಿ ಬಂದ್ ಮಾಡಿಕೊಂಡು ತಮ್ಮೊಳಗೆ ಮಾತಿಗೆ ಕೂತರು. ಅದು ಅರ್ಧ ಗಂಟೆಯಾಯಿತು. ಆರ್ನಿ ಥಾಂಪ್ಸನ್ ಎಂಬ ಇಂಜಿನಿಯರ್ ಎದ್ದುಹೋಗಿ ಮೇಲಧಿಕಾರಿಗಳ ಮುಂದೆ ಕಾಗದವಿಟ್ಟು ಕೀಲಿನ ಚಿತ್ರ ಬರೆದು ತೋರಿಸಿದರು. ಬೋಜೊಲೆ ಕಪ್ಪಾದ ಗ್ರೀಸಿನ ಫೋಟೋ ಇಟ್ಟರು. ಯಾರೂ ಕಿವಿಗೊಡುತ್ತಿಲ್ಲವೆಂದು ತಿಳಿದ ಮೇಲೆ ಇಬ್ಬರೂ ಸುಮ್ಮನಾದರು. ಇದು ಆಡಳಿತದ ತೀರ್ಮಾನ ಎಂದು ಹಿರಿಯ ಉಪಾಧ್ಯಕ್ಷ ಜೆರಿ ಮೇಸನ್ ಹೇಳಿದರು. ಅಲ್ಲಿದ್ದ ನಾಲ್ವರು ಮುಖ್ಯಸ್ಥರಲ್ಲಿ ಹಿಂದೆಗೆಯುತ್ತಿದ್ದವರು ಇಂಜಿನಿಯರಿಂಗ್ ವಿಭಾಗದ ರಾಬರ್ಟ್ ಲಂಡ್. ಇಂಜಿನಿಯರನ ಟೋಪಿ ತೆಗೆದು ಮ್ಯಾನೇಜರನ ಟೋಪಿ ಹಾಕಿಕೊಳ್ಳಿ ಎಂದು ಮೇಸನ್ ಅವರಿಗೆ ಹೇಳಿದ್ದು ಈಗ ಇಂಜಿನಿಯರಿಂಗ್ ನೀತಿಪಾಠಗಳಲ್ಲೆಲ್ಲ ಬರುವ ಮಾತು. ಲಂಡ್ ಒಪ್ಪಿದರು. ಮರುದಿನ 11 ಗಂಟೆ 38 ನಿಮಿಷಕ್ಕೆ, ಸುಮಾರು 2 ಡಿಗ್ರಿ ಚಳಿಯಲ್ಲಿ ಚಾಲೆಂಜರ್ ಮೇಲೆದ್ದಿತು. 73 ಸೆಕೆಂಡಿಗೆ ಆಕಾಶದಲ್ಲೇ ಛಿದ್ರವಾಯಿತು. ಒಳಗೆ ಏಳು ಜನರಿದ್ದರು. ಅವರಲ್ಲಿ ಕ್ರಿಸ್ಟಾ ಮೆಕಾಲಿಫ್ ಒಬ್ಬ ಶಾಲಾ ಶಿಕ್ಷಕಿ.

ಟೋಪಿಯ ಮಾತನ್ನು ಎಲ್ಲರೂ ನೆನೆಯುತ್ತಾರೆ. ಲಂಡ್ ಆಮೇಲೆ ತನಿಖಾ ಆಯೋಗದ ಮುಂದೆ ಹೇಳಿದ ಇನ್ನೊಂದು ವಿಷಯ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅಷ್ಟು ವರ್ಷವೂ ನೌಕೆ ಹಾರಲು ಸಿದ್ಧವಿದೆ ಎಂದು ಅವರು ಸಾಧಿಸಿ ತೋರಿಸಬೇಕಿತ್ತು. ಅಂದು ರಾತ್ರಿ ಮಾತ್ರ, ಸಿದ್ಧವಿಲ್ಲ ಎಂದು ಸಾಧಿಸಿ ತೋರಿಸಿ ಅನ್ನುವಂತಾಯಿತು. ಸಾಧಿಸುವ ಹೊಣೆ ಸದ್ದಿಲ್ಲದೆ ಮೇಜಿನ ಆ ಬದಿಯಿಂದ ಈ ಬದಿಗೆ ಬಂದಿತ್ತು. ಬೀಳುತ್ತದೆ ಎಂದು ಬೀಳುವ ಮೊದಲೇ ಸಾಧಿಸುವುದು ಯಾವ ಇಂಜಿನಿಯರನ ಕೈಯಲ್ಲೂ ಆಗದು. ಮೇಸ್ತ್ರಿಯ ಮಾತು ನೆನಪಿಸಿಕೊಳ್ಳಿ. ಹತ್ತು ದಿನಕ್ಕೆ ಬಿಚ್ಚಿದರೂ ಒಂದು ಮನೆಯೂ ಬಿದ್ದಿಲ್ಲ. ಉಂಗುರ ಸುಟ್ಟು ಬಂದರೂ ಒಂದು ನೌಕೆಯೂ ಬಿದ್ದಿರಲಿಲ್ಲ. ಪ್ರತಿ ಸಲವೂ ಪಾರಾದದ್ದೇ ಮುಂದಿನ ಸಲಕ್ಕೆ ಪುರಾವೆಯಾಗುತ್ತ ಹೋಯಿತು. ಡಯಾನ್ ವಾನ್ ಎಂಬ ಸಮಾಜಶಾಸ್ತ್ರಜ್ಞೆ 1996ರಲ್ಲಿ ಈ ಉಡಾವಣೆಯ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದು, ತಪ್ಪು ಹೀಗೆ ದಿನನಿತ್ಯದ ರೂಢಿಯಾಗುವುದನ್ನು ಬಿಡಿಸಿ ತೋರಿಸಿದರು. ತನಿಖಾ ಆಯೋಗದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ವಿಚಾರಿಸಿದಾಗ, ನೌಕೆ ನಾಶವಾಗುವ ಸಂಭವ ಎಷ್ಟೆಂಬುದಕ್ಕೆ ಇಂಜಿನಿಯರುಗಳಿಂದ ಸಿಕ್ಕ ಉತ್ತರ ನೂರಕ್ಕೊಂದು, ಆಡಳಿತದವರಿಂದ ಸಿಕ್ಕ ಉತ್ತರ ಲಕ್ಷಕ್ಕೊಂದು. ಒಂದೇ ಸಂಸ್ಥೆಯ ಒಳಗೆ ಸಾವಿರ ಪಟ್ಟು ಅಂತರ!

ಇಷ್ಟಾದ ಮೇಲೂ 2003ರಲ್ಲಿ ಅದೇ ಸಂಸ್ಥೆ ಮತ್ತೆ ಎಡವಿತು. ಉಡಾವಣೆಯಲ್ಲಿ ಕೊಲಂಬಿಯಾ ನೌಕೆಯ ರೆಕ್ಕೆಗೆ ನೊರೆಯ ತುಂಡು ಬಡಿದಿತ್ತು. ರೆಕ್ಕೆಯ ಚಿತ್ರ ತೆಗೆಸಿಕೊಡಿ ಎಂದು ಇಂಜಿನಿಯರುಗಳು ಕೇಳಿದರು. ಆಡಳಿತ ಅದನ್ನು ಕೈಬಿಟ್ಟಿತು. ಫೆಬ್ರವರಿ 1ರಂದು ಮರಳಿ ಬರುವಾಗ ನೌಕೆ ಚೂರಾಯಿತು. ಕಲ್ಪನಾ ಚಾವ್ಲಾ ಇದ್ದದ್ದು ಅದರಲ್ಲೇ. ಆಗಲೂ ಅಪಾಯವಿದೆ ಎಂದು ಸಾಧಿಸುವ ಹೊಣೆ ಇಂಜಿನಿಯರುಗಳ ತಲೆಗೇ ಬಿದ್ದಿತ್ತು.

ಇದನ್ನು ದೂರದ ಕಥೆಯೆಂದು ನಾನು ಬರೆಯುತ್ತಿಲ್ಲ. ಮ್ಯಾನೇಜರಾದ ಮೂರನೇ ವರ್ಷ, ಅಪಾಯವಿದೆ ಎಂದು ಸಾಧಿಸಿ ತೋರಿಸು ಎಂಬಂಥದೇ ಪ್ರಶ್ನೆಯನ್ನು ನಾನೂ ಕೇಳಿದ್ದೇನೆ. ಹಣ ವರ್ಗಾವಣೆಯ ಸಾಫ್ಟ್‌ವೇರ್, ಶುಕ್ರವಾರ ಸಂಜೆ ರಿಲೀಸ್. ಟೆಸ್ಟಿಂಗ್ ವಿಭಾಗದ ಹುಡುಗಿಯೊಬ್ಬಳು, ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ, ‘ಸರ್, ನೆಟ್‌ವರ್ಕ್ ನಡುವೆ ಕಟ್ ಆದರೆ ಅದೇ ಪೇಮೆಂಟ್ ಎರಡು ಸಲ ಹೋಗ್ತಿದೆ. ಎರಡು ಬಾರಿ ನೋಡಿದೆ, ಮತ್ತೆ ಮಾಡಿದರೆ ಬರ್ತಿಲ್ಲ’ ಎಂದಳು. ನಾನು ಕೇಳಿದೆ: ‘ಗ್ರಾಹಕರಿಗೂ ಹೀಗೇ ಆಗುತ್ತೆ ಅಂತ ಗ್ಯಾರಂಟಿ ಹೇಳ್ತೀಯಾ?’ ಅವಳು ತಲೆ ತಗ್ಗಿಸಿದಳು. ರಿಲೀಸ್ ಆಯಿತು. ಸಂಬಳದ ದಿನ ಹಲವರ ಖಾತೆಯಿಂದ ಎರಡೆರಡು ಸಲ ಹಣ ಹೋಯಿತು. ಒಂದೊಂದನ್ನೂ ಹುಡುಕಿ ಸರಿಪಡಿಸಲು ಒಂಬತ್ತು ದಿನ ಹಿಡಿಯಿತು. ಎರಡು ಬಾರಿ ಕಣ್ಣಿಂದ ನೋಡಿದ್ದೇನೆ ಎಂದವಳು ತನ್ನ ಕೆಲಸವನ್ನು ಪೂರ್ತಿ ಮಾಡಿದ್ದಳು. ಗ್ಯಾರಂಟಿ ಕೊಡುವುದು ಅವಳ ಕೆಲಸವಾಗಿರಲಿಲ್ಲ. ಎರಡು ಸಲ ಕಂಡದ್ದನ್ನು ಇಟ್ಟುಕೊಂಡು ನಿಲ್ಲಿಸಬೇಕೋ ಬಿಡಬೇಕೋ ಎಂದು ತೀರ್ಮಾನಿಸುವುದು ನನ್ನ ಕೆಲಸವಾಗಿತ್ತು. ಅದನ್ನು ನಾನು ಅವಳ ಮೇಲೆ ಹೊರಿಸಿದ್ದೆ.

ಹಾಗಾದರೆ ತೀರ್ಮಾನ ತಪ್ಪಾದ ಮೇಲೆ ಮ್ಯಾನೇಜರನಾದವನು ಎಲ್ಲಿ ನಿಲ್ಲಬೇಕು? ಇದಕ್ಕೆ ನಮ್ಮ ಬೆಂಗಳೂರಿನ ಒಬ್ಬರು ಕೊಟ್ಟ ಉತ್ತರ ನನ್ನ ಪಾಲಿಗೆ ಕೊನೆಯ ಮಾತು. ಅವರು ಸತೀಶ್ ಧವನ್. ಹುಟ್ಟಿದ್ದು ಶ್ರೀನಗರದಲ್ಲಾದರೂ ಬದುಕಿನ ಬಹುಭಾಗ ಕಳೆದದ್ದು ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಇಸ್ರೋ ಅಧ್ಯಕ್ಷರಾಗಿ ಎಂದು ಸರ್ಕಾರ ಕರೆದಾಗ, ಇನ್‌ಸ್ಟಿಟ್ಯೂಟಿನ ನಿರ್ದೇಶಕನಾಗಿಯೂ ಮುಂದುವರಿಯುತ್ತೇನೆ, ಇಸ್ರೋ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಲಿ ಎಂದು ಕೇಳಿ ಒಪ್ಪಿಸಿದವರು. 1972ರಿಂದ 1984ರವರೆಗೆ ಅಧ್ಯಕ್ಷರಾಗಿದ್ದರು.

1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಲ್ಲಿ ದೇಶದ ಮೊದಲ ಉಪಗ್ರಹ ಉಡಾವಣಾ ವಾಹನ ಎಸ್‌ಎಲ್‌ವಿ-3 ಹಾರಲು ನಿಂತಿತ್ತು. ಯೋಜನಾ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಕ್ಷಣಗಣನೆಯ ಕೊನೆಯ ನಿಮಿಷಗಳಲ್ಲಿ ಕಂಪ್ಯೂಟರ್ ತಡೆ ಹಾಕಿತು. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಸೋರಿಕೆ ಇತ್ತು. ಜೊತೆಯಲ್ಲಿದ್ದ ತಜ್ಞರು ಲೆಕ್ಕ ಹಾಕಿ, ಉಳಿದಿರುವುದು ಸಾಕು, ತೊಂದರೆಯಿಲ್ಲ ಎಂದರು. ಕಲಾಂ ಕಂಪ್ಯೂಟರನ್ನು ಬದಿಗಿಟ್ಟು ಉಡಾವಣೆಗೆ ಅಪ್ಪಣೆ ಕೊಟ್ಟರು. ಮೊದಲ ಹಂತ ಚೆನ್ನಾಗಿ ಹೋಯಿತು. ಎರಡನೇ ಹಂತ ಹತೋಟಿ ತಪ್ಪಿ ರಾಕೆಟ್ಟು ಬಂಗಾಳ ಕೊಲ್ಲಿಗೆ ಬಿದ್ದಿತು. ನೈಟ್ರಿಕ್ ಆಮ್ಲ ಸೋರಿಹೋಗಿದ್ದೇ ಕಾರಣವೆಂದು ತನಿಖೆಯಲ್ಲಿ ತಿಳಿಯಿತು.

ಆ ದಿನ ಪತ್ರಕರ್ತರು ಕಾದು ಕೂತಿದ್ದರು. ಕಲಾಂ ಮುಂದೆ ರಾಷ್ಟ್ರಪತಿಯಾದ ಮೇಲೂ ಊರೂರಿನಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಕಥೆ ಇದು. ಕಲಾಂ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಧವನ್ ತಾವೇ ಮಾತಾಡಿದರು. ಸೋಲಿನ ಹೊಣೆ ತಮ್ಮದೆಂದರು, ತಂಡದ ಮೇಲೆ ತಮಗೆ ನಂಬಿಕೆಯಿದೆ, ಮುಂದಿನ ವರ್ಷ ಗೆಲ್ಲುತ್ತೇವೆ ಎಂದರು. 1980ರ ಜುಲೈ 18ರಂದು ಎಸ್‌ಎಲ್‌ವಿ-3 ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. 35 ಕಿಲೋ ತೂಕದ ಪುಟ್ಟ ಉಪಗ್ರಹ. ಅಂದು ಧವನ್ ಕಲಾಂ ಅವರಿಗೆ ಹೇಳಿದ್ದು, ಇವತ್ತಿನ ಪತ್ರಿಕಾಗೋಷ್ಠಿ ನೀವು ನಡೆಸಿ ಎಂದು.

ಇದನ್ನು ದೊಡ್ಡ ಮನಸ್ಸಿನ ಕಥೆಯೆಂದು ಹೇಳಿ ಮುಗಿಸುವುದುಂಟು. ಆದರೆ ಇದರಲ್ಲಿ ಕೆಲಸದ ಒಂದು ಕ್ರಮವೂ ಇದೆ. ಹೊರಗಿನ ಏಟನ್ನು ಅಧ್ಯಕ್ಷರು ತಡೆದುಕೊಂಡರು. ಒಳಗೆ ಸೋಲಿನ ತನಿಖೆ ಮಾತ್ರ ಬಿಡಿಬಿಡಿಯಾಗಿ ನಡೆಯಿತು, ಯಾವ ಕವಾಟ, ಎಷ್ಟು ಆಮ್ಲ, ಯಾವ ನಿಮಿಷ ಎಂದು. ಹೊರಗೆ ತಲೆದಂಡದ ಭಯವಿದ್ದರೆ ಒಳಗೆ ಯಾರೂ ನಿಜ ಹೇಳುವುದಿಲ್ಲ. ಹನ್ನೊಂದು ತಿಂಗಳಲ್ಲಿ ಗೆಲ್ಲಲು ಸಾಧ್ಯವಾದದ್ದು ಎರಡೂ ಒಟ್ಟಿಗೆ ನಡೆದದ್ದರಿಂದ ಎಂದು ನಾನು ನಂಬಿದ್ದೇನೆ.

ನಮ್ಮಲ್ಲಿ ಈ ಎರಡು ಕೆಲಸಗಳನ್ನು ಮೆಟ್ಟಿಲೆಂದು ತಿಳಿಯುವುದೇ ಹೆಚ್ಚು. ಇಂಜಿನಿಯರ್ ಕೆಳಗಿನ ಮೆಟ್ಟಿಲು, ಮ್ಯಾನೇಜರ್ ಮೇಲಿನದು. ಕೆಲಸಕ್ಕೆ ಸೇರಿ ಎಂಟು ಹತ್ತು ವರ್ಷವಾದ ಮೇಲೆ ಊರಿಗೆ ಹೋದರೆ ‘ಇನ್ನೂ ಕೋಡೇ ಬರೀತಿದೀಯಾ?’ ಎಂದು ಚಿಕ್ಕಪ್ಪ ಕೇಳುತ್ತಾರೆ. ಹೆಣ್ಣು ನೋಡಲು ಹೋದಲ್ಲಿ ‘ಹುಡುಗನ ಕೈಕೆಳಗೆ ಎಷ್ಟು ಜನ?’ ಎನ್ನುತ್ತಾರೆ. ಹೀಗೆ ಒತ್ತಾಯಕ್ಕೆ ಮೇಲೇರಿದ ಒಳ್ಳೆಯ ಇಂಜಿನಿಯರುಗಳು ಕಂಗೆಟ್ಟಿದ್ದನ್ನು ನಾನು ಕಂಡಿದ್ದೇನೆ. ಒಂದು ತಂಡ ಒಳ್ಳೆಯ ಇಂಜಿನಿಯರನನ್ನು ಕಳೆದುಕೊಳ್ಳುತ್ತದೆ, ಅದೇ ದಿನ ಒಬ್ಬ ಬೇಸತ್ತ ಮ್ಯಾನೇಜರನನ್ನು ಪಡೆಯುತ್ತದೆ. ಅನೇಕ ಕಂಪನಿಗಳು ಈಗ ಎರಡು ಏಣಿ ಇಟ್ಟಿವೆ. ಒಂದರಲ್ಲಿ ಆರ್ಕಿಟೆಕ್ಟ್, ಪ್ರಿನ್ಸಿಪಲ್ ಇಂಜಿನಿಯರ್ ಎಂದು ಜನರ ಉಸ್ತುವಾರಿಯಿಲ್ಲದೆಯೇ ಮೇಲೇರಬಹುದು. ಸಂಬಳವೂ ಸರಿಸಮ. ಈ ಏಣಿಯ ಬಗ್ಗೆ ನಮ್ಮ ಮನೆಗಳಿಗೆ ತಿಳಿಯಬೇಕು.

ಹಾಗೆಂದು ಮ್ಯಾನೇಜರೇ ಬೇಡ ಎಂದರೂ ನಡೆಯದು. ಗೂಗಲ್ ಕಂಪನಿ 2002ರ ಸುಮಾರಿಗೆ ಇಂಜಿನಿಯರಿಂಗ್ ಮ್ಯಾನೇಜರ್ ಹುದ್ದೆಗಳನ್ನೇ ತೆಗೆದುಹಾಕಿ ನೋಡಿತು. ಖರ್ಚಿನ ಚೀಟಿ, ಸಹೋದ್ಯೋಗಿಗಳ ಜಗಳ ಎಲ್ಲ ನೇರವಾಗಿ ಸ್ಥಾಪಕ ಲ್ಯಾರಿ ಪೇಜ್ ಬಳಿಗೆ ಬರತೊಡಗಿ, ಕೆಲವೇ ತಿಂಗಳಲ್ಲಿ ಆ ಪ್ರಯೋಗ ನಿಂತಿತು. ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಐದು ಜನರ ತಂಡದಲ್ಲಿ ಇಬ್ಬಿಬ್ಬರ ನಡುವಿನ ಮಾತಿನ ದಾರಿಗಳು 10. ಹತ್ತು ಜನವಾದರೆ 45. ಇಪ್ಪತ್ತಾದರೆ 190. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಹೊಸ ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ಐಬಿಎಂನಲ್ಲಿ ದೊಡ್ಡ ಯೋಜನೆ ನಡೆಸಿ ಪೆಟ್ಟು ತಿಂದಿದ್ದ ಫ್ರೆಡ್ ಬ್ರೂಕ್ಸ್ 1975ರಷ್ಟು ಹಿಂದೆಯೇ ಬರೆದಿದ್ದು ಇದೇ ಕಾರಣಕ್ಕೆ. ಈ ದಾರಿಗಳ ಜಂಜಾಟ ಇಂಜಿನಿಯರನ ಮೂರು ಗಂಟೆಯನ್ನು ನುಂಗದಂತೆ ಕಾಯುವವನು ಒಬ್ಬ ಬೇಕೇಬೇಕು.

ಎರಡೂ ಟೋಪಿ ಒಂದೇ ತಲೆಗೆ ಒಪ್ಪಿದವರಿಲ್ಲವೇ ಎಂದರೆ ನಮ್ಮವರಿಗೆ ಮೊದಲು ನೆನಪಾಗುವುದು ವಿಶ್ವೇಶ್ವರಯ್ಯನವರು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್, 1912ರಲ್ಲಿ ದಿವಾನರು. ಕನ್ನಂಬಾಡಿಯ ಕೆಲಸ ಶುರುವಾದದ್ದು 1911ರಲ್ಲಿ. ಅಣೆಕಟ್ಟಿಗೆ ಹಣ ಕೇಳುತ್ತಿದ್ದವರೇ ಒಂದು ವರ್ಷದಲ್ಲಿ ಬೊಕ್ಕಸದ ಚಿಂತೆಯನ್ನೂ ಹೊರಬೇಕಾಯಿತು. ಅಂಥವರು ಶತಮಾನಕ್ಕೊಬ್ಬರು. ಮಿಕ್ಕ ನಮಗೆ ಒಂದು ಟೋಪಿಯನ್ನು ನೆಟ್ಟಗೆ ಹಾಕಿಕೊಂಡು, ಇನ್ನೊಂದನ್ನು ಹಾಕಿಕೊಂಡವರ ಮಾತನ್ನು ಕೇಳಿಸಿಕೊಳ್ಳುವುದೇ ಸರಿ.

ಆ ಹುಡುಗಿಯ ಘಟನೆಯ ನಂತರ ನಾನು ಸಭೆಗಳಲ್ಲಿ ಪ್ರಶ್ನೆ ಬದಲಾಯಿಸಿಕೊಂಡೆ. ನೀನು ಏನು ಕಂಡೆ? ಏನು ನೋಡಲು ಆಗಲಿಲ್ಲ? ಅದನ್ನು ನೋಡಲು ಎಷ್ಟು ಹೊತ್ತು ಬೇಕು? ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಬೇಕು, ನಾನು ಕೊನೆಗೆ. ತೀರ್ಮಾನದ ಕೆಳಗೆ ನನ್ನ ಹೆಸರು. ಇಷ್ಟರಿಂದ ಎಲ್ಲ ತಪ್ಪು ನಿಂತಿತೆಂದು ಹೇಳಲಾರೆ. ಆದರೆ ಶುಕ್ರವಾರ ಸಂಜೆ ಬಾಯಿ ಬಿಡದೆ, ಸೋಮವಾರ ‘ನನಗೆ ಮೊದಲೇ ಅನುಮಾನವಿತ್ತು’ ಎನ್ನುವವರು ಕಡಿಮೆಯಾದರು.

ಬೇಡ ಎಂದವನಿಗೆ ಆಮೇಲೆ ಏನಾಯಿತು ಎಂಬುದನ್ನು ಉಳಿದವರೆಲ್ಲ ಗಮನಿಸುತ್ತಿರುತ್ತಾರೆ. ಬೋಜೊಲೆ ಆಯೋಗದ ಮುಂದೆ ನಿಜ ಹೇಳಿದರು. ಆಮೇಲೆ ಸ್ವಂತ ಕಂಪನಿಯಲ್ಲೇ ಒಂಟಿಯಾಗಿ, ಕೆಲಸ ಬಿಟ್ಟರು. ಆ ರಾತ್ರಿ ಫ್ಲಾರಿಡಾದಲ್ಲಿ ಥಿಯೋಕಾಲ್ ಪರವಾಗಿ ಇದ್ದವರು ಅಲನ್ ಮೆಕ್‌ಡೊನಾಲ್ಡ್. ಅವರು ಬೂಸ್ಟರ್ ಯೋಜನೆಯ ನಿರ್ದೇಶಕರು, ಅಂದರೆ ಸ್ವತಃ ಒಬ್ಬ ಮ್ಯಾನೇಜರ್. ಉಡಾವಣೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದಿಲ್ಲವೆಂದರು. ಸಹಿ ಯೂಟಾದಿಂದ ಫ್ಯಾಕ್ಸಿನಲ್ಲಿ ಬಂತು. ಆಯೋಗದ ಮುಂದೆ ಅವರೂ ಬಾಯಿಬಿಟ್ಟಾಗ ಕಂಪನಿ ಅವರನ್ನು ಹುದ್ದೆಯಿಂದ ಕೆಳಗಿಳಿಸಿತು. ಅಮೆರಿಕದ ಸಂಸತ್ ಸದಸ್ಯರು ಮಧ್ಯೆ ಬಂದ ಮೇಲೆ ಮರಳಿ ಕರೆದು, ಅದೇ ಕೀಲನ್ನು ಹೊಸದಾಗಿ ವಿನ್ಯಾಸ ಮಾಡಿಸುವ ಹೊಣೆಯನ್ನು ಅವರಿಗೇ ಒಪ್ಪಿಸಿತು. ಹೊಸ ಕೀಲಿನೊಂದಿಗೆ ನೌಕೆ ಮತ್ತೆ ಹಾರಿದ್ದು 1988ರ ಸೆಪ್ಟೆಂಬರ್ 29ರಂದು. 2011ರಲ್ಲಿ ಕೊನೆಯ ನೌಕೆ ಹಾರುವವರೆಗೆ ಒಟ್ಟು 110 ಉಡಾವಣೆಗಳಲ್ಲಿ ಆ ಕೀಲು ಒಮ್ಮೆಯೂ ಕೈಕೊಡಲಿಲ್ಲ.